ಒಂದು ದೀರ್ಘದ ಅಂತರ

ಹಳೆಯ ಪೋಲೆಂಡಿನ ಯಾವುದೋ ಪೇಟೆಯ ಬೀದಿ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದ ಇಬ್ಬರು ಯೆಹೂದ್ಯರು ಎದುರಾಗುತ್ತಾರೆ. ಒಬ್ಬನಿಗೆ ದಾರಿ ಕೇಳಬೇಕಾಗಿದೆ. ಮತ್ತೊಬ್ಬನನ್ನು ‘ರೆಬ್ ಯೀಡ್’ ಎಂದು ಕರೆಯುತ್ತಾನೆ. ಯಿಡ್ಡಿಷ್ ಭಾಷೆಯಲ್ಲಿ ‘ಯೀಡ್’ ಎಂದರೆ ಯೆಹೂದ್ಯ. ‘ರೆಬ್’ ಎಂಬುದು ಕನ್ನಡದ ‘ಸ್ವಾಮಿ’, ‘ರಾಯರೆ’ ಎಂಬಂತಹ ಮರ್ಯಾದೆಯ ಮಾತು. ಕರೆದವನಲ್ಲಿ ವಿನಯವಿದೆ; ಕರೆಸಿಕೊಂಡವನಿಗೆ, ಎದುರು ನಿಂತವನು ತನ್ನವನೇ ಎಂಬ ಸಮಾಧಾನವಿದೆ.

ಅದೇ ಶಬ್ದ ಲಂಡನ್ ನಗರಕ್ಕೆ ಬಂದು ಪರರ ಬಾಯಿಗೆ ಬಿದ್ದಾಗ ಅದರ ದೀರ್ಘ ಕಳೆದುಹೋಯಿತು. ‘ಯಿಡ್’ ಎಂದು ಹ್ರಸ್ವವಾಗಿ, ಹಲ್ಲುಗಳ ನಡುವಿನಿಂದ ಉಗುಳಿದಂತೆ ಹೊರಟಾಗ ಅದು ಬೈಗುಳವಾಯಿತು. ಯಿಡ್ಡಿಷ್ ಭಾಷೆಯ ಸೊಗಸನ್ನು ಇಂಗ್ಲಿಷ್ ಓದುಗರಿಗೆ ಪರಿಚಯ ಮಾಡಿಕೊಡಲು 1968ರಲ್ಲಿ ಒಂದು ರಸವತ್ತಾದ ಪುಸ್ತಕ ಬರೆದ ಲಿಯೋ ರಾಸ್ಟನ್, ಈ ಎರಡು ಉಚ್ಚಾರಣೆಗಳ ಭೇದವನ್ನು ಮರೆಯಬೇಡಿರೆಂದು ಎಚ್ಚರಿಸಿದ್ದರು. ಕನ್ನಡದ ಕಣ್ಣಿನಿಂದ ನೋಡಿದರೆ ಅದು ಒಂದು ದೀರ್ಘದ ಅಂತರ. ಆ ಅಂತರದಲ್ಲಿ ಒಂದು ಜನಾಂಗದ ಮಾನ ಅಡಗಿತ್ತು.

ಇಂದು ಈ ಹ್ರಸ್ವ ಶಬ್ದವನ್ನು ಸಾವಿರಾರು ಕಂಠಗಳು ಒಟ್ಟಾಗಿ ಕೂಗುವ ಸ್ಥಳವೊಂದಿದೆ. ಅದು ಉತ್ತರ ಲಂಡನ್ನಿನ ಕಾಲ್ಚೆಂಡಿನ ಮೈದಾನ, ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡದ ನೆಲೆ. ವಿಚಿತ್ರವೆಂದರೆ ಅಲ್ಲಿ ಕೂಗುವವರು ಯಾರನ್ನೂ ಬೈಯುತ್ತಿಲ್ಲ, ತಮ್ಮನ್ನೇ ಕರೆದುಕೊಳ್ಳುತ್ತಿದ್ದಾರೆ. ‘ಯಿಡ್ ಸೈನ್ಯ’ವೆಂಬುದು ಅವರು ತಮಗೆ ತಾವೇ ಕೊಟ್ಟುಕೊಂಡ ಬಿರುದು. ಮೆಚ್ಚಿನ ಆಟಗಾರನು ಗೋಲು ಹೊಡೆದರೆ ಅವನನ್ನು ‘ಯಿಡ್ಡೋ’ ಎಂದು ಮುದ್ದಿನಿಂದ ಕೂಗುತ್ತಾರೆ. ಇನ್ನೂ ವಿಚಿತ್ರವೆಂದರೆ ಹಾಗೆ ಕೂಗುವವರಲ್ಲಿ ಬಹುಪಾಲು ಜನ ಯೆಹೂದ್ಯರೇ ಅಲ್ಲ. ಶನಿವಾರದ ರಾತ್ರಿ ಬೆಂಗಳೂರಿನ ಮನೆಗಳಲ್ಲಿ ದೂರದರ್ಶನದ ಮುಂದೆ ಕುಳಿತು ಇಂಗ್ಲೆಂಡಿನ ಪಂದ್ಯ ನೋಡುವ ತರುಣರ ಕಿವಿಗೂ ಈ ಘೋಷ ಬಿದ್ದಿರುತ್ತದೆ. ಅದರ ಹಿಂದಿನ ಕಥೆ ಬಲ್ಲವರು ವಿರಳ. ಕಥೆ ತಿಳಿಯದೆ, ಆ ಕೂಗಿನಿಂದ ಯಾರಿಗಾದರೂ ನೋವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಲಾಗದು.

ಕಥೆ ಆರಂಭವಾಗುವುದು 1881ರಲ್ಲಿ. ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾದ ಬಳಿಕ ಅಲ್ಲಿನ ಯೆಹೂದ್ಯರ ಮೇಲೆ ಊರೂರುಗಳಲ್ಲಿ ದೊಂಬಿಗಳು ನಡೆದವು. ಮನೆ ಅಂಗಡಿಗಳು ಲೂಟಿಯಾದವು. ಅಂದಿನಿಂದ 1914ರ ಮಹಾಯುದ್ಧದವರೆಗೆ ಲಕ್ಷಕ್ಕೂ ಮಿಕ್ಕ ಯೆಹೂದ್ಯರು ಹಡಗು ಹತ್ತಿ ಬ್ರಿಟನ್ನಿಗೆ ಬಂದರು. ಲಂಡನ್ನಿನ ಪೂರ್ವದ ಇಕ್ಕಟ್ಟಾದ ಬೀದಿಗಳಲ್ಲಿ, ವೈಟ್‌ಚಾಪೆಲ್ ಮತ್ತು ಸ್ಟೆಪ್ನಿಗಳಲ್ಲಿ, ಬಟ್ಟೆ ಹೊಲಿದು, ಮೆಟ್ಟು ಮಾಡಿ, ಮರಗೆಲಸ ಮಾಡಿ ಬದುಕಿದರು. ಕೈಯಲ್ಲಿ ನಾಲ್ಕು ಕಾಸು ಕೂಡಿದವರು ಉತ್ತರದ ಕಡೆಗೆ, ಸ್ಟ್ಯಾಮ್‌ಫರ್ಡ್ ಹಿಲ್ ಮತ್ತು ಟಾಟನ್‌ಹ್ಯಾಮ್ ಕಡೆಗೆ ಸರಿದರು.

ಆ ಟಾಟನ್‌ಹ್ಯಾಮಿನಲ್ಲಿ 1882ರಲ್ಲಿ ಕೆಲವು ಶಾಲಾಬಾಲಕರು ಕಟ್ಟಿದ ಕಾಲ್ಚೆಂಡಿನ ಸಂಘವೊಂದಿತ್ತು. ಕ್ರಿಕೆಟ್ ಆಡುತ್ತಿದ್ದ ಹುಡುಗರು ಚಳಿಗಾಲದಲ್ಲಿ ಸುಮ್ಮನೆ ಕೂರಲಾರದೆ ಕಟ್ಟಿಕೊಂಡ ತಂಡ ಅದು. ಶೇಕ್ಸ್‌ಪಿಯರನ ನಾಟಕದಲ್ಲಿ ಬರುವ ಆತುರದ ವೀರ ಹಾಟ್‌ಸ್ಪರನ ಹೆಸರನ್ನೇ ಅದಕ್ಕಿಟ್ಟರು. 1901ರಲ್ಲಿ, ದೊಡ್ಡ ಲೀಗಿಗೆ ಇನ್ನೂ ಸೇರದಿದ್ದಾಗಲೇ, ಆ ತಂಡ ಇಂಗ್ಲೆಂಡಿನ ಎಫ್. ಎ. ಕಪ್ಪನ್ನು ಗೆದ್ದುಕೊಂಡಿತು. ಲೀಗ್ ಆರಂಭವಾದ ಬಳಿಕ ಅಂತಹ ಸಾಹಸ ಮಾಡಿದ ತಂಡ ಇನ್ನೊಂದಿಲ್ಲ. ವಲಸೆ ಬಂದವರ ಮಕ್ಕಳಿಗೆ ಇಂಗ್ಲಿಷರಾಗುವುದಕ್ಕೆ ಇದ್ದ ಬಾಗಿಲುಗಳು ಕೆಲವೇ. ಅವುಗಳಲ್ಲಿ ಕಾಲ್ಚೆಂಡಿನ ಮೈದಾನದ ಬಾಗಿಲು ಎಲ್ಲಕ್ಕಿಂತ ಅಗಲವಾಗಿತ್ತು. ಆದರೆ ಒಂದು ತೊಡಕು. ಪಂದ್ಯ ನಡೆಯುವುದು ಶನಿವಾರ. ಯೆಹೂದ್ಯರ ಸಬ್ಬತ್ ದಿನವೂ ಅದೇ. ಆ ದಿನ ಹಣ ಮುಟ್ಟಬಾರದು, ವಾಹನ ಏರಬಾರದು. ಬೆಳಗ್ಗೆ ಪ್ರಾರ್ಥನಾಮಂದಿರ, ಮಧ್ಯಾಹ್ನ ಮೈದಾನ ಎಂಬ ಒಪ್ಪಂದವನ್ನು ಎಷ್ಟೋ ಮನೆಗಳ ಹುಡುಗರು ದೇವರೊಡನೆ ತಾವೇ ಮಾಡಿಕೊಂಡರು. ದೇವರು ತಕರಾರು ತೆಗೆದಂತೆ ಕಾಣುವುದಿಲ್ಲ.

ನೆರೆಯ ಆರ್ಸೆನಲ್ ತಂಡಕ್ಕೂ ಯೆಹೂದ್ಯ ಅಭಿಮಾನಿಗಳು ಧಾರಾಳವಾಗಿದ್ದರೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆದರೂ ಯೆಹೂದ್ಯರ ತಂಡವೆಂಬ ಹಣೆಪಟ್ಟಿ ಅಂಟಿದ್ದು ಟಾಟನ್‌ಹ್ಯಾಮಿಗೆ. ಹಣೆಪಟ್ಟಿ ಅಂಟಿಸುವವರು ಜನಗಣತಿ ನೋಡಿ ಅಂಟಿಸುವುದಿಲ್ಲ.

1930ರ ದಶಕದಲ್ಲಿ ಈ ಶಬ್ದ ಬೀದಿಯ ಬೈಗುಳದ ಮಟ್ಟದಿಂದ ರಾಜಕೀಯದ ಮಟ್ಟಕ್ಕೆ ಏರಿತು. ಆಸ್ವಾಲ್ಡ್ ಮೋಸ್ಲಿ 1932ರಲ್ಲಿ ಬ್ರಿಟಿಷ್ ಫ್ಯಾಸಿಸ್ಟರ ಪಕ್ಷ ಕಟ್ಟಿದ. ಕಪ್ಪು ಅಂಗಿ ತೊಟ್ಟ ಅವನ ಅನುಚರರು ಪೂರ್ವ ಲಂಡನ್ನಿನಲ್ಲಿ ಮೆರವಣಿಗೆ ಹೊರಟಾಗ ಅವರ ಘೋಷಣೆಗಳಲ್ಲಿ ‘ಯಿಡ್’ ಶಬ್ದವೇ ಮೊಳಗುತ್ತಿತ್ತು. 1936ರ ಅಕ್ಟೋಬರ್ 4ರಂದು ಕೇಬಲ್ ಬೀದಿಯಲ್ಲಿ ಯೆಹೂದ್ಯರು, ಐರಿಷ್ ಹಮಾಲಿಗಳು, ಕಮ್ಯುನಿಸ್ಟರು ಒಟ್ಟಾಗಿ ಅಡ್ಡಗಟ್ಟೆ ಹಾಕಿ ಆ ಮೆರವಣಿಗೆಯನ್ನು ತಡೆದ ಸಂಗತಿ ಚರಿತ್ರೆಯ ಪುಸ್ತಕಗಳಲ್ಲಿದೆ.

ಅದಕ್ಕೆ ಹತ್ತು ತಿಂಗಳ ಮೊದಲು ಟಾಟನ್‌ಹ್ಯಾಮಿನ ಮೈದಾನದಲ್ಲಿಯೇ ನಡೆದ ಒಂದು ಘಟನೆ ಅಷ್ಟು ಪ್ರಸಿದ್ಧವಲ್ಲ. 1935ರ ಡಿಸೆಂಬರ್ 4ರಂದು ಇಂಗ್ಲೆಂಡ್ ಮತ್ತು ಜರ್ಮನಿಗಳ ನಡುವಣ ಪಂದ್ಯವನ್ನು ಆ ತಂಡದ ಮನೆಯಂಗಳವಾದ ವೈಟ್ ಹಾರ್ಟ್ ಲೇನಿನಲ್ಲಿ ಏರ್ಪಡಿಸಿದರು. ಸ್ಥಳದ ಆಯ್ಕೆ ಮಾಡಿದವರಿಗೆ ಅಲ್ಲಿ ಯಾರು ಕೂರುತ್ತಾರೆಂಬುದು ತಿಳಿಯದೆ ಇರಲಿಲ್ಲ. ಯೆಹೂದ್ಯ ಸಂಸ್ಥೆಗಳು ಪ್ರತಿಭಟಿಸಿದವು, ಕಾರ್ಮಿಕ ಸಂಘಗಳು ಸರಕಾರಕ್ಕೆ ಮೊರೆಯಿಟ್ಟವು. ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲವೆಂಬ ಉತ್ತರ ಬಂತು. ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲವೆಂಬ ಮಾತು ಯಾವಾಗಲೂ ಬಲಿಷ್ಠನ ಬಾಯಿಂದಲೇ ಬರುವುದು ಒಂದು ಚೋದ್ಯ. ಹಿಟ್ಲರನ ಸ್ವಸ್ತಿಕ ಧ್ವಜ ಆ ಮೈದಾನದ ಮೇಲೆ ಹಾರಿತು. ಜರ್ಮನ್ ಆಟಗಾರರು ಕೈ ಚಾಚಿ ನಾಜಿ ವಂದನೆ ಸಲ್ಲಿಸಿದರು. ಆಟ ನಡೆದಿರುವಾಗಲೇ ಪ್ರೇಕ್ಷಕನೊಬ್ಬ ಮಾಡು ಹತ್ತಿ ಧ್ವಜದ ಹಗ್ಗವನ್ನು ಕತ್ತರಿಸಿ ಅದನ್ನು ಕೆಳಕ್ಕೆ ಕೆಡವಿದ. ಪೊಲೀಸರು ಅವನನ್ನು ಹಿಡಿದೊಯ್ದರು. ಇಂಗ್ಲೆಂಡ್ ಮೂರು ಗೋಲುಗಳಿಂದ ಗೆದ್ದಿತು.

ಯುದ್ಧ ಬಂತು, ಹೋಯಿತು. ಅರವತ್ತು ಲಕ್ಷ ಯೆಹೂದ್ಯರು ಸತ್ತರು. ನಾಗರಿಕ ಲೋಕ ಇನ್ನು ಆ ಶಬ್ದವನ್ನು ಮರೆಯುತ್ತದೆಂದು ಎಣಿಸಿದವರು ನಿರಾಶರಾದರು. 1966ರಿಂದ ಬಿ. ಬಿ. ಸಿ. ಒಂದು ಹಾಸ್ಯಧಾರಾವಾಹಿಯನ್ನು ಪ್ರಸಾರ ಮಾಡತೊಡಗಿತು. ಅದರ ನಾಯಕ ಆಲ್ಫ್ ಗಾರ್ನೆಟ್ ಎಂಬ ಮುಂಗೋಪಿ. ವೆಸ್ಟ್ ಹ್ಯಾಮ್ ತಂಡದ ಭಕ್ತ. ಕರಿಯರನ್ನೂ ಯೆಹೂದ್ಯರನ್ನೂ ಹೆಂಗಸರನ್ನೂ ಸಮನಾಗಿ ಹಳಿಯುವವನು. ಟಾಟನ್‌ಹ್ಯಾಮಿನವರನ್ನು ಅವನು ‘ಯಿಡ್’ಗಳೆಂದು ಕರೆದ. ಕರ್ತೃ ಜಾನಿ ಸ್ಪೈಟ್ ಅವರ ಉದ್ದೇಶ ಅಂಥವನನ್ನು ನಗೆಗೀಡು ಮಾಡುವುದಾಗಿತ್ತು. ಆ ಪಾತ್ರ ವಹಿಸಿದ ವಾರನ್ ಮಿಚೆಲ್ ಸ್ವತಃ ಯೆಹೂದ್ಯರು; ಅಷ್ಟೇ ಅಲ್ಲ, ಟಾಟನ್‌ಹ್ಯಾಮಿನ ಅಭಿಮಾನಿ. ಆದರೆ ಹಾಸ್ಯಗಾರನ ಕೈಯಲ್ಲಿ ಒಂದು ಅಧಿಕಾರವಿಲ್ಲ: ನಗುವವನು ಯಾವುದಕ್ಕೆ ನಗಬೇಕೆಂದು ಆಜ್ಞಾಪಿಸುವ ಅಧಿಕಾರ. ಆಲ್ಫನನ್ನು ಕಂಡು ನಕ್ಕವರು ಎಷ್ಟು ಮಂದಿಯೋ, ಆಲ್ಫನೊಡನೆ ಸೇರಿ ನಕ್ಕವರೂ ಅಷ್ಟೇ ಮಂದಿ ಇದ್ದರು.

ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಮೈದಾನಗಳು ಪುಂಡರ ಪಾಲಾದವು. ಚೆಲ್ಸಿ, ವೆಸ್ಟ್ ಹ್ಯಾಮ್, ಆರ್ಸೆನಲ್ ಮೊದಲಾದ ತಂಡಗಳ ಬೆಂಬಲಿಗರಲ್ಲಿ ಕೆಲವರು ಟಾಟನ್‌ಹ್ಯಾಮಿನವರ ಎದುರು ಹಿಟ್ಲರನ ಹೆಸರೆತ್ತಿ ಹಾಡಿದರು. ಆಶ್‌ವಿಟ್ಜಿಗೆ ಹೊರಡುವ ರೈಲನ್ನು ಕುರಿತು ಹಾಡಿದರು. ಹಾಡಿಗಿಂತ ಹೀನವಾದದ್ದು ಇನ್ನೊಂದಿತ್ತು. ಎಲ್ಲರೂ ಒಮ್ಮೆಗೇ ಹಲ್ಲು ಕಚ್ಚಿ ‘ಸ್ಸ್‌ಸ್’ ಎಂದು ಉಸಿರು ಬಿಡುತ್ತಿದ್ದರು. ಅದು ವಿಷಾನಿಲ ಕೋಣೆಯೊಳಕ್ಕೆ ಹರಿಯುವ ಸದ್ದಿನ ಅನುಕರಣೆ. ಅದೇ ಲಂಡನ್ನಿನಲ್ಲಿ, ಅಂತಹ ಕೋಣೆಗಳಿಗೆ ತಂದೆತಾಯಿಗಳನ್ನು ಕಳೆದುಕೊಂಡವರು ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು. ಆ ಮೊಮ್ಮಕ್ಕಳಲ್ಲಿ ಕೆಲವರು ಶನಿವಾರ ಮೈದಾನಕ್ಕೂ ಹೋಗುತ್ತಿದ್ದರು.

ಇದಕ್ಕೆ ಟಾಟನ್‌ಹ್ಯಾಮಿನ ಜನ ಕೊಟ್ಟ ಉತ್ತರ ಯಾವ ಸಭೆಯಲ್ಲಿಯೂ ಗೊತ್ತುವಳಿಯಾಗಿ ಅಂಗೀಕಾರವಾದದ್ದಲ್ಲ. ಎಪ್ಪತ್ತರ ದಶಕದ ಕೊನೆ, ಎಂಬತ್ತರ ಮೊದಲ ವರ್ಷಗಳ ನಡುವೆ ಅದು ತಾನಾಗಿ ಬೆಳೆಯಿತು. ‘ಹೌದು, ನಾವು ಯಿಡ್‌ಗಳೇ, ಏನೀಗ?’ ಎಂಬುದು ಅದರ ತಾತ್ಪರ್ಯ. ದಾವೀದನ ಆರು ಮೂಲೆಯ ನಕ್ಷತ್ರವುಳ್ಳ ಬಾವುಟಗಳು ಬಂದವು. ಯೆಹೂದ್ಯರ ಪುಟ್ಟ ಟೋಪಿ ಕ್ರೈಸ್ತ ಹುಡುಗರ ತಲೆಯೇರಿತು. ಎಸೆದ ಕಲ್ಲನ್ನು ಹಿಡಿದು ತಮ್ಮ ಗೋಡೆಗೇ ಇಟ್ಟುಕೊಂಡರೆ ಎಸೆದವನು ಪೆಚ್ಚಾಗುವುದು ಸಹಜ. ಪಕ್ಕದಲ್ಲಿ ಕುಳಿತ ಯೆಹೂದ್ಯ ಗೆಳೆಯನನ್ನು ಮಾತ್ರ ಗುರಿಮಾಡಲು ಅವಕಾಶ ಕೊಡದೆ, ‘ಬೈಯುವುದಾದರೆ ನಮ್ಮೆಲ್ಲರನ್ನೂ ಬೈಯಿರಿ’ ಎಂದು ಸಾಲಿಗೆ ಸಾಲೇ ಎದ್ದು ನಿಂತಿತು. ಇದರಲ್ಲಿ ಉದಾರತೆ ಇರಲಿಲ್ಲವೆಂದು ಹೇಳುವವರು ಅನ್ಯಾಯ ಮಾಡಿದಂತಾಗುತ್ತದೆ. 1994ರಲ್ಲಿ ಜರ್ಮನಿಯ ಪ್ರಖ್ಯಾತ ಆಟಗಾರ ಯುರ್ಗೆನ್ ಕ್ಲಿನ್ಸ್‌ಮನ್ ಆ ತಂಡ ಸೇರಿದಾಗ, ಈ ಜರ್ಮನನು ಇನ್ನು ಮೇಲೆ ಯೆಹೂದ್ಯನಾದನೆಂದು ಅಭಿಮಾನಿಗಳು ಹಾಡು ಕಟ್ಟಿ ಕುಣಿದರು. ಸ್ವಸ್ತಿಕ ಹಾರಿದ್ದ ಮೈದಾನದಲ್ಲಿ ಇಂತಹ ಸ್ವಾಗತ! ಹಾಸ್ಯಪ್ರಜ್ಞೆ ಇರುವ ಯಾರಿಗಾದರೂ ತುಟಿಯಂಚಿನಲ್ಲಿ ನಗು ಬರದಿರದು.

ಬೈಗುಳವನ್ನು ಬಿರುದಾಗಿ ಮಾಡಿಕೊಳ್ಳುವುದು ಹೊಸ ಉಪಾಯವೇನೂ ಅಲ್ಲ. ಮತದಾನದ ಹಕ್ಕಿಗಾಗಿ ಹೋರಾಡಿದ ಇಂಗ್ಲೆಂಡಿನ ಹೆಂಗಸರನ್ನು ಹೀಯಾಳಿಸುವುದಕ್ಕಾಗಿಯೇ 1906ರಲ್ಲಿ ಡೇಲಿ ಮೇಲ್ ಪತ್ರಿಕೆ ‘ಸಫ್ರಜೆಟ್’ ಎಂಬ ಶಬ್ದವನ್ನು ಸೃಷ್ಟಿಸಿತು. ಆ ಹೆಂಗಸರು ಅದನ್ನು ನಗುನಗುತ್ತ ಎತ್ತಿಕೊಂಡು 1912ರಲ್ಲಿ ತಮ್ಮ ಪತ್ರಿಕೆಗೇ ಆ ಹೆಸರಿಟ್ಟರು. ಈಗ ಆ ಶಬ್ದದಲ್ಲಿ ಹೀಯಾಳಿಕೆಯ ವಾಸನೆಯೂ ಇಲ್ಲ.

ಆದರೆ ಎರಡು ಕಥೆಗಳಿಗೂ ಒಂದು ಮುಖ್ಯ ಭೇದವಿದೆ. ಅಲ್ಲಿ ಬೈಸಿಕೊಂಡವರು ಯಾರೋ, ಶಬ್ದವನ್ನು ತಮ್ಮದಾಗಿಸಿಕೊಂಡವರೂ ಅವರೇ. ಇಲ್ಲಿ ಶಬ್ದ ಒಬ್ಬರದು, ಧ್ವನಿ ಮತ್ತೊಬ್ಬರದು. ಟಾಟನ್‌ಹ್ಯಾಮಿನ ಕ್ರೈಸ್ತ ಅಭಿಮಾನಿ ಶನಿವಾರ ಸಂಜೆ ಟೋಪಿ ತೆಗೆದಿಟ್ಟು, ಬಾವುಟ ಮಡಿಸಿ ಮನೆಗೆ ಹೋದರೆ ಭಾನುವಾರ ಅವನು ‘ಯಿಡ್’ ಅಲ್ಲ. ಯೆಹೂದ್ಯನಿಗೆ ಆ ಸೌಕರ್ಯವಿಲ್ಲ.

ಮುದ್ದಿಗೆಂದು ಆಡಿದ ಮಾತು ಯಾರನ್ನೂ ನೋಯಿಸದೆಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಉಂಟು. ಕನ್ನಡನಾಡಿನ ಹಳೆಯ ಮನೆಗಳಲ್ಲಿ ಅಜ್ಜಿಯೊಬ್ಬಳು ಮೊಮ್ಮಗನ ತಲೆ ಸವರುತ್ತ ‘ಪಾಪ, ಮುಂಡೇದು ಹಸಿದಿದೆ’ ಎಂದರೆ ಅದರಲ್ಲಿ ಅಕ್ಕರೆಯಲ್ಲದೆ ಬೇರೇನೂ ಇರುತ್ತಿರಲಿಲ್ಲ. ಆದರೆ ಶಬ್ದದ ಬೇರು ಗಂಡ ಸತ್ತವಳನ್ನು ಹಳಿಯುವ ಮಾತಿನಲ್ಲಿದೆ. ಅದೇ ಮನೆಯ ಅಡಿಗೆಯ ಕೋಣೆಯಲ್ಲಿ, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಒಲೆಯ ಮುಂದೆ ಕೂರಿಸಿದ್ದ ಸೋದರತ್ತೆಯೊಬ್ಬಳು ಆ ಅಕ್ಕರೆಯ ಮಾತನ್ನು ಹೇಗೆ ಕೇಳಿಸಿಕೊಂಡಳೆಂದು ಯಾರೂ ವಿಚಾರಿಸಲಿಲ್ಲ. ಅಜ್ಜಿಯದು ತಪ್ಪೆನ್ನುವಂತಿಲ್ಲ, ಅತ್ತೆಗೆ ನೋವಾಗಲಿಲ್ಲವೆನ್ನುವಂತೆಯೂ ಇಲ್ಲ.

ಲಂಡನ್ನಿನಲ್ಲಿ ಇಂತಹ ವಿಚಾರಣೆಯನ್ನು ಗಟ್ಟಿಯಾಗಿ ಮಾಡಿದವರು ಡೇವಿಡ್ ಮತ್ತು ಐವರ್ ಬಡೀಲ್ ಎಂಬ ಸೋದರರು. ಡೇವಿಡ್ ಹೆಸರಾಂತ ಹಾಸ್ಯಗಾರರು, ಲೇಖಕರು. ಅವರ ತಾಯಿ ಹುಟ್ಟಿದ್ದು ಹಿಟ್ಲರನ ಜರ್ಮನಿಯಲ್ಲಿ. ಆಕೆ ಕೂಸಾಗಿದ್ದಾಗಲೇ ಕುಟುಂಬ ಅಲ್ಲಿಂದ ತಪ್ಪಿಸಿಕೊಂಡು ಬಂದಿತ್ತು. ಈ ಸೋದರರು ಟಾಟನ್‌ಹ್ಯಾಮಿನವರಲ್ಲ, ಚೆಲ್ಸಿಯ ಅಭಿಮಾನಿಗಳು. ತಮ್ಮದೇ ಮೈದಾನದಲ್ಲಿ, ತಮ್ಮ ಬೆನ್ನ ಹಿಂದಿನ ಸಾಲಿನಿಂದ, ಟಾಟನ್‌ಹ್ಯಾಮ್ ಆಡದಿದ್ದ ದಿನವೂ ಆ ಶಬ್ದವನ್ನು ದ್ವೇಷದ ದನಿಯಲ್ಲಿ ಕೇಳಬೇಕಾಯಿತೆಂದು ಡೇವಿಡ್ ಹೇಳಿಕೊಂಡಿದ್ದಾರೆ. 2011ರಲ್ಲಿ ಅವರು ಒಂದು ಕಿರುಚಿತ್ರ ಮಾಡಿದರು. ಟಾಟನ್‌ಹ್ಯಾಮಿಗೆ ಆಡಿದ್ದ ಗ್ಯಾರಿ ಲಿನೆಕರ್ ಕೂಡ ಅದರಲ್ಲಿ ಕಾಣಿಸಿಕೊಂಡರು. ಕರಿಯರನ್ನು ಹೀನವಾಗಿ ಕರೆಯುವ ಶಬ್ದವನ್ನು ಬಿಳಿಯರ ಗುಂಪೊಂದು ಬಿರುದಾಗಿ ಹೊತ್ತುಕೊಂಡು ಕುಣಿದರೆ ಲೋಕ ಸುಮ್ಮನಿದ್ದೀತೇ ಎಂಬುದು ಡೇವಿಡ್ ಅವರ ಪ್ರಶ್ನೆ. ಟಾಟನ್‌ಹ್ಯಾಮಿನವರು ಆ ಶಬ್ದವನ್ನು ಜೀವಂತವಾಗಿರಿಸಿದ್ದರಿಂದಲೇ ಎದುರಾಳಿಗಳ ಬಾಯಲ್ಲಿಯೂ ಅದು ಉಳಿದಿದೆ ಎಂಬುದು ಅವರ ವಾದ.

ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಎದುರಿನ ಮಾತನ್ನು ಹೇಳುವವರಲ್ಲಿಯೂ ಯೆಹೂದ್ಯರೇ ಇದ್ದಾರೆಂಬುದನ್ನು ಬಡೀಲ್ ಸೋದರರ ಪಕ್ಷದವರು ಕೆಲವೊಮ್ಮೆ ಮರೆಯುತ್ತಾರೆ. ತಂದೆಯ ಕೈ ಹಿಡಿದು ಮೈದಾನಕ್ಕೆ ಹೋದ ಟಾಟನ್‌ಹ್ಯಾಮಿನ ಯೆಹೂದ್ಯ ಬಾಲಕರಲ್ಲಿ ಅನೇಕರಿಗೆ, ತಮ್ಮ ಕುಲದ ಹೆಸರನ್ನು ಸಾವಿರಾರು ಜನ ಹರ್ಷದಿಂದ ಕೂಗುವುದನ್ನು ಕೇಳಿದ್ದು ಜೀವನದಲ್ಲಿ ಅದೇ ಮೊದಲು. ಶಾಲೆಯಲ್ಲಿ ಮುಚ್ಚಿಟ್ಟುಕೊಂಡಿದ್ದುದನ್ನು ಅಲ್ಲಿ ತೆರೆದು ತೋರಿಸಬಹುದಾಗಿತ್ತು. ಅವರಿಗೆ ಆ ಕೂಗು ಅವಮಾನವಲ್ಲ, ಆಶ್ರಯ. ಹೀಗೆ ಒಂದೇ ಜನಾಂಗದ ಇಬ್ಬರು ಒಂದೇ ಕೂಗನ್ನು ಕೇಳಿ, ಒಬ್ಬನ ಎದೆ ಉಬ್ಬುತ್ತದೆ, ಮತ್ತೊಬ್ಬನ ಎದೆ ಕುಗ್ಗುತ್ತದೆ. ನೋವಾಗುತ್ತದೆಯೇ ಎಂಬ ಪ್ರಶ್ನೆಯನ್ನು ‘ಯೆಹೂದ್ಯರನ್ನು ಕೇಳಿ ನೋಡೋಣ’ ಎಂದು ಬಗೆಹರಿಸ ಹೊರಟವರಿಗೆ ಎರಡು ಉತ್ತರ ದೊರೆಯುತ್ತವೆ.

2012ರ ನವೆಂಬರಿನಲ್ಲಿ ಟಾಟನ್‌ಹ್ಯಾಮ್ ತಂಡ ಲಾಟ್ಸಿಯೋ ವಿರುದ್ಧ ಆಡಲು ರೋಮಿಗೆ ಹೋಯಿತು. ಪಂದ್ಯದ ಹಿಂದಿನ ರಾತ್ರಿ ಕಾಂಪೊ ದೇ ಫಿಯೋರಿ ಚೌಕದ ಪಾನಗೃಹವೊಂದರಲ್ಲಿ ಕುಳಿತಿದ್ದ ಅದರ ಅಭಿಮಾನಿಗಳ ಮೇಲೆ ಮುಸುಕು ಹಾಕಿದ ಗುಂಪೊಂದು ಚೂರಿ ದೊಣ್ಣೆಗಳಿಂದ ಎರಗಿತು. ಹಲವರು ಗಾಯಗೊಂಡರು, ಒಬ್ಬನಿಗೆ ಬಲವಾದ ಇರಿತ. ಮರುದಿನ ಮೈದಾನದಲ್ಲಿ ಯೆಹೂದ್ಯರನ್ನು ಹಳಿಯುವ ಘೋಷಣೆಗಳು ಕೇಳಿಬಂದವು. ಕೆಲವೇ ದಿನಗಳ ಬಳಿಕ ಲಂಡನ್ನಿನಲ್ಲಿ ವೆಸ್ಟ್ ಹ್ಯಾಮಿನ ಕೆಲವು ಬೆಂಬಲಿಗರು ಆ ರೋಮ್ ಪ್ರಕರಣವನ್ನೇ ಎತ್ತಿ ಹಾಡಿ ಹಿಸ್ಸೆಂದರು. ಇತರರ ಹೆಸರನ್ನು ತಾವು ಹೊತ್ತವರು ಇತರರ ಪೆಟ್ಟನ್ನೂ ತಿಂದರೆಂಬುದು ಸತ್ಯ. ಆ ಹೆಸರು ಬರಿಯ ತಮಾಷೆಯೆಂದು ಇನ್ನು ಯಾರೂ ಹೇಳುವಂತಿರಲಿಲ್ಲ.

ಆಗ ಕಾನೂನು ಕಣ್ಣು ತೆರೆಯಿತು. ತೆರೆದದ್ದು ತಪ್ಪು ದಿಕ್ಕಿನಲ್ಲಿ. 2013ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಯಾರೇ ಆಗಲಿ ಯಾವ ಉದ್ದೇಶದಿಂದಲೇ ಆಗಲಿ ಆ ಶಬ್ದ ಆಡುವುದನ್ನು ಬಿಡಬೇಕು, ಅದು ಅಪರಾಧವಾಗಬಹುದು ಎಂದು ಪ್ರಕಟಿಸಿತು. ಪ್ರಧಾನಿ ಡೇವಿಡ್ ಕ್ಯಾಮೆರನ್ ಇದನ್ನು ಒಪ್ಪಲಿಲ್ಲ. ತಮ್ಮನ್ನು ತಾವೇ ಕರೆದುಕೊಳ್ಳುವುದಕ್ಕೂ ಇನ್ನೊಬ್ಬನನ್ನು ಅವಮಾನಿಸುವುದಕ್ಕೂ ಭೇದವಿದೆ, ಶಿಕ್ಷೆಗೆ ದ್ವೇಷವೇ ಕಾರಣವಾಗಬೇಕು ಎಂದರು. ಪೊಲೀಸರು ಮಾತ್ರ ಟಾಟನ್‌ಹ್ಯಾಮಿನ ಮೂವರು ಅಭಿಮಾನಿಗಳನ್ನು ಹಿಡಿದರು; 1986ರ ಸಾರ್ವಜನಿಕ ಶಾಂತಿಪಾಲನೆಯ ಕಾನೂನಿನ ಅನ್ವಯ ಮೊಕದ್ದಮೆ ಹೂಡಿದರು. ಮೈದಾನದಲ್ಲಿ ಘೋಷ ಮೊದಲಿಗಿಂತ ಜೋರಾಯಿತು. 2014ರ ಮಾರ್ಚಿಯಲ್ಲಿ ಸರಕಾರಿ ಅಭಿಯೋಜಕರು ಮೊಕದ್ದಮೆಯನ್ನು ಕೈಬಿಟ್ಟರು. ಆ ಸಂದರ್ಭದಲ್ಲಿ ಆಡಿದ ಆ ಮಾತನ್ನು ನ್ಯಾಯಾಲಯ ಅಪರಾಧವೆಂದು ಎಣಿಸುವ ಸಂಭವವಿಲ್ಲವೆಂಬುದು ಅವರ ನಿರ್ಣಯ. ಅದು ಸರಿಯಾದ ನಿರ್ಣಯವೇ. ಹಿಸ್ಸೆಂದವನನ್ನು ಹುಡುಕುವ ಬದಲು ಹಿಸ್ಸಿಗೆ ಉತ್ತರ ಕೊಟ್ಟವನ ಕೈಗೆ ಬೇಡಿ ಹಾಕಿದರೆ ನ್ಯಾಯಕ್ಕೆ ಗೌರವ ಹೆಚ್ಚುವುದಿಲ್ಲ. ಆದರೆ ಕಾನೂನು ಬಿಟ್ಟುಕೊಟ್ಟದ್ದೆಲ್ಲ ಮರ್ಯಾದೆಯೆಂದು ಅರ್ಥವೂ ಅಲ್ಲ. ಸೆರೆಮನೆಗೆ ತಕ್ಕದ್ದಲ್ಲದ ಎಷ್ಟೋ ಮಾತುಗಳು ಊಟದ ಪಂಕ್ತಿಗೂ ತಕ್ಕದ್ದಲ್ಲ.

ಕೊನೆಗೆ ಕ್ಲಬ್ ತನ್ನ ಜನರನ್ನೇ ಕೇಳಿತು. 2019ರಲ್ಲಿ ನಡೆಸಿದ ವಿಚಾರಣೆಗೆ 23,000ಕ್ಕೂ ಹೆಚ್ಚು ಅಭಿಮಾನಿಗಳು ಉತ್ತರ ಬರೆದರು. ಪಂದ್ಯದಲ್ಲಿ ಆ ಶಬ್ದವನ್ನು ಪದೇ ಪದೇ ಬಳಸುತ್ತೇವೆಂದವರು ನೂರಕ್ಕೆ 33 ಮಂದಿ. ಯೆಹೂದ್ಯನೊಬ್ಬನ ವಿರುದ್ಧ ಆಡಿದರೆ ಅದು ಜನಾಂಗನಿಂದೆಯಾದೀತೆಂದು ಒಪ್ಪಿದವರು 94 ಮಂದಿ. ಬಳಕೆ ಕಡಮೆಯಾಗಲಿ ಅಥವಾ ನಿಲ್ಲಲಿ ಎಂದವರು ಅರ್ಧದ ಹತ್ತಿರ. ಒಂದೇ ಜನ ಒಂದನ್ನು ನಿಂದೆಯೆಂದು ಬಲ್ಲರು, ಅದನ್ನೇ ಹಾಡುತ್ತಲೂ ಇದ್ದಾರೆ. ಮನುಷ್ಯಸ್ವಭಾವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಎಷ್ಟೋ ಮಂದಿಗೆ ಆ ಹಾಡು ತಂದೆಯಿಂದ ಬಂದ ಆಸ್ತಿ.

ಈ ನಡುವೆ 2020ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಶಬ್ದಕ್ಕೆ ಟಾಟನ್‌ಹ್ಯಾಮ್ ಹಾಟ್‌ಸ್ಪರಿನ ಅಭಿಮಾನಿ ಅಥವಾ ಆಟಗಾರ ಎಂಬ ಅರ್ಥವನ್ನೂ ಸೇರಿಸಿತು. ಕ್ಲಬ್ಬಿಗೆ ಇದರಿಂದ ಅಸಮಾಧಾನವಾಯಿತು. ನಿಘಂಟುಕಾರರು ಮಾಡಿದ್ದರಲ್ಲಿ ತಪ್ಪಿಲ್ಲ. ಜನರ ಬಾಯಲ್ಲಿ ಇರುವುದನ್ನು ಬರೆದಿಡುವುದು ಅವರ ಕಸುಬು. ಆದರೂ ಒಂದು ಜನಾಂಗದ ಹೆಸರು, ಆ ಜನಾಂಗದ ಒಪ್ಪಿಗೆ ಕೇಳದೆ, ಒಂದು ಆಟದ ತಂಡದ ಹೆಸರಾಗಿ ನಿಘಂಟು ಸೇರಿದ್ದು ಯೋಚಿಸತಕ್ಕ ಸಂಗತಿಯೇ.

ಹೀಗೆ ಅರ್ಥ ಬದಲಾಯಿತೆಂದು ನಂಬಿದವರ ಕಣ್ಣು ತೆರೆಸುವಂತಹ ಘಟನೆ 2021ರ ನವೆಂಬರಿನಲ್ಲಿ ನಡೆಯಿತು. ವೆಸ್ಟ್ ಹ್ಯಾಮಿನ ಅಭಿಮಾನಿಗಳು ತಮ್ಮ ತಂಡದ ಪಂದ್ಯ ನೋಡಲು ವಿಮಾನದಲ್ಲಿ ಯೂರೋಪಿಗೆ ಹೊರಟಿದ್ದರು. ಅದೇ ವಿಮಾನಕ್ಕೆ ಸಾಂಪ್ರದಾಯಿಕ ಉಡುಗೆಯ ಯೆಹೂದ್ಯರೊಬ್ಬರು ಹತ್ತಿದರು. ಅವರು ಆಸನಗಳ ನಡುವೆ ನಡೆದು ಬರುತ್ತಿರುವಾಗ ಅಭಿಮಾನಿಗಳಲ್ಲಿ ಕೆಲವರು, ಟಾಟನ್‌ಹ್ಯಾಮಿನವರ ಮೇಲೆ ಹಾಡುತ್ತಿದ್ದಂತಹ ಹಾಡೊಂದನ್ನು ಅವರ ಮುಖದೆದುರು ಹಾಡಿದರು. ಆ ಪ್ರಯಾಣಿಕರು ಯಾವ ತಂಡದವರೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ವೆಸ್ಟ್ ಹ್ಯಾಮ್ ಕ್ಲಬ್ ಅದನ್ನು ಖಂಡಿಸಿತು, ಪೊಲೀಸರು ಕ್ರಮ ಕೈಕೊಂಡರು. ಆದರೆ ಅರ್ಧ ಶತಮಾನದ ಕಾಲ ‘ಇದು ಬರಿಯ ಫುಟ್‌ಬಾಲಿನ ಮಾತು’ ಎಂದುಕೊಂಡು ಬಂದದ್ದು ಆ ದಿನ ದಾರಿ ತಪ್ಪದೆ ತನ್ನ ಮೊದಲಿನ ವಿಳಾಸಕ್ಕೇ ಹೋಗಿ ತಲಪಿತು.

ಟಾಟನ್‌ಹ್ಯಾಮಿನವರ ವಾದದ ಬಲಹೀನ ಸ್ಥಳ ಇದೇ. ಅವರು ದ್ವೇಷಿಗಳಲ್ಲ; ಅವರಲ್ಲಿ ಅನೇಕರು ದ್ವೇಷಕ್ಕೆ ಎದೆಯೊಡ್ಡಿದವರು. ಆದರೆ ಶಬ್ದದ ವಿಷ ಇಳಿಸಿದೆವೆಂದು ಅವರು ಎಣಿಸಿದ್ದು ತಮ್ಮ ಅಂಗಳದ ಮಟ್ಟಿಗೆ ಮಾತ್ರ ನಿಜ. ಅಂಗಳದ ಗೇಟಿನ ಹೊರಗೆ ಅದು ಹಳೆಯ ಶಬ್ದವೇ. 2022ರ ಫೆಬ್ರವರಿಯಲ್ಲಿ ಕ್ಲಬ್ ಇದನ್ನೇ ಬೇರೆ ಮಾತಿನಲ್ಲಿ ಹೇಳಿತು: ಹಿಂದೆ ಆ ಶಬ್ದವನ್ನು ಎತ್ತಿಕೊಂಡವರ ಉದ್ದೇಶ ಒಳ್ಳೆಯದಾಗಿತ್ತು, ಇನ್ನು ಅದನ್ನು ಬಿಟ್ಟು ಮುಂದೆ ಸಾಗುವ ಕಾಲ ಬಂದಿದೆ. ಅಪ್ಪಣೆಯಲ್ಲ, ವಿನಂತಿ. ಕೆಲವರು ಕೇಳಿದರು. ಕೆಲವರು ಕೇಳಲಿಲ್ಲ.

ಇಂತಹ ವಿನಂತಿ ಫಲಿಸುವುದು ಎಷ್ಟು ಕಷ್ಟವೆಂಬುದಕ್ಕೆ ಹಾಲೆಂಡ್ ಸಾಕ್ಷಿ. ಅಲ್ಲಿನ ಆಮ್‌ಸ್ಟರ್‌ಡ್ಯಾಮ್ ನಗರದ ಅಯಾಕ್ಸ್ ತಂಡದ ಅಭಿಮಾನಿಗಳೂ ತಮ್ಮನ್ನು ಯೆಹೂದ್ಯರೆಂದು ಕರೆದುಕೊಳ್ಳುತ್ತಾರೆ; ದಾವೀದನ ನಕ್ಷತ್ರವನ್ನು ಕೆಲವರು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾರೆ. ಯುದ್ಧಕ್ಕೆ ಮುಂಚೆ ಹಾಲೆಂಡಿನಲ್ಲಿದ್ದ ಸುಮಾರು 1,40,000 ಯೆಹೂದ್ಯರಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಮಡಿದರು. ಅಯಾಕ್ಸಿನ ಅಧ್ಯಕ್ಷರಾಗಿ 1964ರಿಂದ ಆ ತಂಡವನ್ನು ಲೋಕಪ್ರಸಿದ್ಧ ಮಾಡಿದ ಯಾಪ್ ವಾನ್ ಪ್ರಾಗ್, ಯುದ್ಧಕಾಲದಲ್ಲಿ ಅಡಗಿ ಕುಳಿತು ಜೀವ ಉಳಿಸಿಕೊಂಡವರು. ಅಲ್ಲಿಯೂ ಎದುರಾಳಿಗಳು ಹಿಸ್ಸೆನ್ನುತ್ತಾರೆ. ಅಲ್ಲಿಯೂ ಕ್ಲಬ್ಬಿನ ಆಡಳಿತ ಈ ಹೆಸರು ಸಾಕೆಂದು ಕೇಳಿಕೊಂಡಿತು. ಬಾವುಟಗಳು ಇಳಿಯಲಿಲ್ಲ.

ಟಾಟನ್‌ಹ್ಯಾಮಿನಲ್ಲಿ ವಿನಂತಿ ಮಾಡಿದ ಆಡಳಿತದ ತಲೆಯಾಳು ಡೇನಿಯಲ್ ಲೆವಿ. 2001ರಿಂದ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಅವರು ಯೆಹೂದ್ಯರು. ಹಳೆಯ ಮೈದಾನವನ್ನು ಕೆಡವಿಸಿ, ಅದೇ ನೆಲದಲ್ಲಿ 2019ರಲ್ಲಿ ಬೃಹತ್ತಾದ ಹೊಸ ಕ್ರೀಡಾಂಗಣವನ್ನು ತೆರೆಸಿದವರು ಅವರೇ. ಆದರೆ ಪ್ರಶಸ್ತಿಗಳು ಬಂದದ್ದು ವಿರಳ, ಟಿಕೆಟ್ಟಿನ ದರ ಏರಿತು. ಅಭಿಮಾನಿಗಳು ಅವರ ಮೇಲೆ ಮುನಿದರು. ಕೊನೆಯ ವರ್ಷಗಳಲ್ಲಿ ಲೆವಿ ತೊಲಗಲಿ ಎಂಬ ಕೂಗು ಆ ಕ್ರೀಡಾಂಗಣದಲ್ಲಿ ಮತ್ತೆ ಮತ್ತೆ ಎದ್ದಿತು. 2025ರ ಸೆಪ್ಟೆಂಬರಿನಲ್ಲಿ ಅವರು ಅಧಿಕಾರ ಬಿಟ್ಟರು. ಆ ಮುನಿಸಿಗೂ ಅವರ ಕುಲಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಪರೂಪಕ್ಕೆ ಗೆಲ್ಲುವ ತಂಡದ ಯಾವ ಅಧ್ಯಕ್ಷನಾದರೂ ಅದನ್ನೇ ಕೇಳಬೇಕಾಗುತ್ತಿತ್ತು. ಆದರೆ ‘ನಾವು ಯಿಡ್‌ಗಳು’ ಎಂದು ಹಾಡಿ ಮುಗಿಸಿದ ಕಂಠಗಳೇ, ಉಸಿರು ತಿರುಗಿಸಿಕೊಂಡು, ತಮ್ಮ ನಡುವಿನ ಒಬ್ಬ ನಿಜವಾದ ಯೆಹೂದ್ಯರ ಹೆಸರು ಹಿಡಿದು ಹೊರಡೆಂದು ಕೂಗಿದವು. ಅವರಾರಿಗೂ ಇದರಲ್ಲಿ ವಿರೋಧವೇನೂ ಕಾಣಲಿಲ್ಲ. ಅವರ ಕಿವಿಗೆ ಆ ಶಬ್ದದಲ್ಲಿ ಯೆಹೂದ್ಯನು ಕೇಳಿಸುವುದು ನಿಂತು ಬಹಳ ವರ್ಷಗಳಾಗಿತ್ತು.